ಹೊಳೆಗೆ ಬಿಡದ ಪುಸ್ತಕ

ಆಳಂದದ ಪೇಟೆಯಲ್ಲಿ ನನ್ನನ್ನು ಮಾಟದ ಬಾಯಿ, ಅಂದರೆ ಮಾಟ ಮಾಡುವ ಹೆಂಗಸು, ಎನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ, ಏಕೆಂದರೆ ಅವರ ಮನೆಯ ಹೆಂಗಸರ ಜಂಪರು ಹೊಲಿಯುವವಳು ನಾನೇ. ಹಬ್ಬ ಹತ್ತಿರ ಬಂದಾಗ ಹೊಲಿಯುವವಳ ಜೊತೆ ಜಗಳ ತೆಗೆಯುವಷ್ಟು ಹುಚ್ಚರು ನಮ್ಮೂರಲ್ಲಿಲ್ಲ. ಬೆನ್ನ ಹಿಂದೆ ಏನಾದರೂ ಅಂದುಕೊಳ್ಳಲಿ. ಊರ ಬಾಯಿ ಹೊಲಿಯುವಷ್ಟು ದಾರ ನನ್ನ ಹತ್ತಿರ ಇಲ್ಲ, ಇದ್ದರೂ ಅದಕ್ಕೆ ಖರ್ಚು ಮಾಡುವುದಿಲ್ಲ.

ಅವರ ಮಾತಿಗೆ ಕಾರಣ ನನ್ನ ಮಷಿನ್ ಇಟ್ಟ ಕೋಣೆಯ ಅಲ್ಮಾರಿ. ಅದರ ತುಂಬ ಹಳೆಯ ಪುಸ್ತಕಗಳು. ದೆವ್ವದ ಕತೆ, ವಶೀಕರಣ, ತಾಯತ ಬರೆಯುವ ರೀತಿ, ವಿಷ ಇಳಿಸುವ ಮಂತ್ರ, ಹಲ್ಲಿ ಬಿದ್ದರೆ ಏನು ಫಲ. ಕನ್ನಡದವು, ಮರಾಠಿಯವು, ಉರ್ದುವಿನವು. ಬಹಳಷ್ಟು ನನ್ನ ಅಜ್ಜನ ಕಾಲದ ಅಚ್ಚು, ಕೆಲವು ಅದಕ್ಕೂ ಹಿಂದೆ ಕಲ್ಲಿನ ಮೇಲೆ ಬರೆದು ಒತ್ತಿದ ಕಲ್ಲಚ್ಚು. ಅದರಲ್ಲಿರುವ ಒಂದಕ್ಷರವನ್ನೂ ನಾನು ನಂಬುವುದಿಲ್ಲ. ನಂಬದೆಯೂ ಪ್ರೀತಿ ಮಾಡಬಹುದು, ಲೋಕದಲ್ಲಿ ಎಷ್ಟು ಹೆಂಗಸರು ಗಂಡಂದಿರ ಜೊತೆ ಹಾಗೇ ಬಾಳುವುದಿಲ್ಲ? ಒಂದು ಪುಸ್ತಕದಲ್ಲಿ ಬ್ರಹ್ಮರಾಕ್ಷಸನ ಚಿತ್ರವಿದೆ. ಮೈಮೇಲೆ ಬಟ್ಟೆಯಿಲ್ಲ, ಕಾಲಲ್ಲಿ ಮಾತ್ರ ಬೂಟು. ಬರೆದವನು ಯಾವ ಸಾಹೇಬನ ಮೇಲಿನ ಸಿಟ್ಟು ತೀರಿಸಿಕೊಂಡನೋ ಏನೋ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ತುಂಬ ನಗು ಬರುತ್ತದೆ.

ಈ ಚಟ ಹತ್ತಿದ್ದು ಜೇವರ್ಗಿಯ ಬಸ್ ಸ್ಟ್ಯಾಂಡಿನಲ್ಲಿ. ಭಜಿ ಕಟ್ಟಿಕೊಟ್ಟ ಕಾಗದದಲ್ಲಿ ಒಂದು ಕತೆ ಇತ್ತು. ಬಾವಿಯೊಳಗೆ ಕುಳಿತ ಹೆಂಗಸು ದಾರಿಹೋಕನನ್ನು ಹೆಸರು ಹಿಡಿದು ಕರೆಯುತ್ತಾಳೆ, ಅವನು ಬಗ್ಗಿ ನೋಡುತ್ತಾನೆ, ಅಷ್ಟರಲ್ಲಿ ಹಾಳೆ ಹರಿದಿತ್ತು. ನಾನು ಬಸ್ ಬಿಟ್ಟು ಹಿಂದಕ್ಕೆ ಹೋಗಿ ಉಳಿದ ಹಾಳೆ ಕೊಡು ಎಂದು ಭಜಿಯವನ ಬೆನ್ನು ಹತ್ತಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ರದ್ದಿ ಅಂಗಡಿಯ ದಾರಿ ತೋರಿಸಿದ. ಅವತ್ತು ಮನೆಗೆ ಬರುವಾಗ ಚೀಲದಲ್ಲಿ ನಾಲ್ಕು ಪುಸ್ತಕಗಳಿದ್ದವು. ಎರಡು ಉರ್ದು. ಪಕ್ಕದ ಮನೆಯ ಖಾಲಾ ಸಂಜೆ ಸಂಜೆ ಕೂಡಿಸಿಕೊಂಡು ನನಗೆ ಆ ಅಕ್ಷರ ಕಲಿಸಿದರು. ನಮ್ಮ ಮನೆಯವರು ಮಾತ್ರ ಬಂದವರ ಮುಂದೆಲ್ಲ, "ಮಂದಿ ಹೆಂಡ್ರು ಸೀರಿ ಕೇಳ್ತಾರ, ಈಕಿ ದೆವ್ವ ಕೇಳ್ತಾಳ" ಎಂದು ಚೇಷ್ಟೆ ಮಾಡುತ್ತಾರೆ.

ನನ್ನ ವೈರಿ ಅಂದರೆ ಗೆದ್ದಲು ಅಲ್ಲ, ಭೀಮಾ ಹೊಳೆ. ನಮ್ಮ ಕಡೆ ಮಂತ್ರ ಹಾಕುವವನು ಸತ್ತರೆ ಅವನ ಪುಸ್ತಕವನ್ನು ಮನೆಯಲ್ಲಿ ಇಡುವುದಿಲ್ಲ. ಅದನ್ನು ಮುಂದೆ ನಡೆಸುವವರಿಲ್ಲದಿದ್ದರೆ ಮನೆಯನ್ನು ಕಾಡುತ್ತದೆ ಎಂದು ಬಟ್ಟೆಯಲ್ಲಿ ಗಂಟು ಕಟ್ಟಿ, ಕಲ್ಲು ಇಟ್ಟು, ಹೊಳೆಗೆ ಬಿಡುತ್ತಾರೆ. ಮಾರುವಂತೆಯೂ ಇಲ್ಲ. ನಾನು ದಂಡೆಯಲ್ಲಿ ನಿಂತು ಕೈಮುಗಿದು ಕೇಳಿದ್ದೇನೆ, ಬೈದಿದ್ದೇನೆ, ಕಣ್ಣೆದುರಿಗೇ ಗಂಟು ಮುಳುಗಿದ್ದನ್ನು ನೋಡಿ ಮನೆಗೆ ಬಂದು ಅತ್ತಿದ್ದೇನೆ. ನಂಬುವವರು ಮುಳುಗಿಸುತ್ತಾರೆ, ನಂಬದ ನಾನು ಉಳಿಸಲು ಓಡಾಡುತ್ತೇನೆ. ಇದೆಂಥ ನ್ಯಾಯ ಎಂದು ಯಾರನ್ನು ಕೇಳಲಿ?

ಎರಡು ವರ್ಷದ ಹಿಂದೆ ಗಿರಾಕಿಯೊಬ್ಬಳು ಅಳತೆ ಕೊಡುತ್ತ, ಕರಜಗಿಯಲ್ಲಿ ಹಾವಿನ ವಿಷ ಇಳಿಸುತ್ತಿದ್ದ ಮುದುಕ ತೀರಿಕೊಂಡನೆಂದೂ ಮರುದಿನವೇ ಅವನ ಕಿತಾಬು ಹೊಳೆಗೆ ಹೋಗುತ್ತದೆಂದೂ ಹೇಳಿದಳು. ನಿಜಾಮನ ಕಾಲದ ಸಾಲೆಯಲ್ಲಿ ಉರ್ದು ಕಲಿತಿದ್ದ ಮುದುಕನಂತೆ. ನಾನು ಟೇಪು ಕೊರಳಲ್ಲಿ ಹಾಕಿಕೊಂಡೇ ಅಫಜಲಪುರದ ಬಸ್ಸು ಹತ್ತಿದೆ.

ಮುದುಕನ ಹೆಂಡತಿ ಪಡಸಾಲೆಯಲ್ಲಿ ಕುಳಿತಿದ್ದಳು. ಅವಳ ಇಬ್ಬರು ಗಂಡುಮಕ್ಕಳು ಕೆಂಪು ಬಟ್ಟೆಯ ಗಂಟು ಕಟ್ಟಿಟ್ಟು ಹೊಲಕ್ಕೆ ಹೋಗಿದ್ದರು. ನಾನು ಬಂದ ಕಾರಣ ಹೇಳಿದೆ. ಮುದುಕಿ ಒಂದೇ ಮಾತು ಕೇಳಿದಳು.

"ಉರ್ದು ಓದಾಕ ಬರ್ತದೇನವ್ವ ನಿನಗ?"

"ಬರ್ತದ್ರಿ ಅಮ್ಮಾ."

"ಮಾರಬಾರದು, ಸುಮ್ನ ಕೊಡಬಾರದು. ಮಗಳಿಗಿ ಉಡ್ಯಾಗ ಹಾಕಿದ್ರ ಯಾರೂ ಕೇಳಂಗಿಲ್ಲ. ಸೆರಗು ಹಿಡಿ."

ದೊಡ್ಡ ಸೊಸೆ ಒಳಗಿನಿಂದ ಓಡಿಬಂದಳು. "ಅತ್ತಿ, ನೀವು ಉಡಿ ತುಂಬಬಾರದ್ರಿ" ಎಂದಳು. ಗಂಡ ಸತ್ತವಳು ಉಡಿ ತುಂಬಬಾರದು ಎನ್ನುವುದು ಅವಳ ಮಾತಿನ ಅರ್ಥ. ಮುದುಕಿ ತಲೆಯೆತ್ತಿ ಕೂಡ ನೋಡಲಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಅದರ ಮೇಲೆ ಪುಸ್ತಕ, ಎಲ್ಲವನ್ನೂ ತನ್ನ ಕೈಯಿಂದಲೇ ನನ್ನ ಸೆರಗಿಗೆ ಹಾಕಿದಳು. ಗಂಡುಮಕ್ಕಳು ಹೊಲದಿಂದ ಬರುವ ಮೊದಲೇ ನಾನು ಸೆರಗು ಗಂಟು ಹಾಕಿಕೊಂಡು ಹೊರಬಿದ್ದೆ.

ಅಂಥ ಪುಸ್ತಕ ನನ್ನ ಅಲ್ಮಾರಿಗೆ ಮತ್ತೊಂದು ಬಂದಿಲ್ಲ. ಮೊದಲರ್ಧ ತಾಯತ, ಮಂತ್ರ. ಉಳಿದರ್ಧ ಜಿನ್ನುಗಳ ಕತೆ. ಕಲ್ಲಚ್ಚಿನ ಕಪ್ಪು ಇನ್ನೂ ಮಾಸಿಲ್ಲ. ಹಾಳೆಯ ಅಂಚಿಗೆಲ್ಲ ಮುದುಕನ ಸಣ್ಣ ಬರಹ. ಅಕ್ಷರ ಉರ್ದು, ಮಾತು ಕನ್ನಡ. ಯಾರಿಗೆ ಕಚ್ಚಿತು, ಎಲ್ಲಿ ಕಚ್ಚಿತು, ಉಳಿದರೋ ಹೋದರೋ ಎಂದು ಬರೆದಿಟ್ಟಿದ್ದ. ಹೋದವರನ್ನೂ ಮುಚ್ಚಿಡದೆ ಬರೆದ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು. ಒಂದು ಹಾಳೆಯನ್ನು ಓದಿದ ದಿನ ಮಾತ್ರ ಮುಂದೆ ಓದದೆ ಪುಸ್ತಕ ಮುಚ್ಚಿಟ್ಟೆ. ಅದನ್ನು ಯಾರಿಗೂ ಹೇಳಲಿಲ್ಲ.

ಕಳೆದ ವರ್ಷ ಕಬ್ಬಿನ ಹಂಗಾಮಿನಲ್ಲಿ ಮುದುಕನ ದೊಡ್ಡ ಮಗ ನನ್ನ ಅಂಗಡಿಗೆ ಬಂದ. ಐವತ್ತು ದಾಟಿದ ಗಟ್ಟಿ ಆಳು. ಟ್ರ್ಯಾಕ್ಟರ್ ಮಗುಚಿ ಅವನ ತಮ್ಮನ ಕಾಲು ಮುರಿದಿತ್ತು. ಅಪ್ಪನ ಕಿತಾಬು ಪರರ ಮನೆಯಲ್ಲಿದೆ, ಅದಕ್ಕೇ ಹೀಗಾಯಿತು ಎಂದು ಯಾರೋ ಹೇಳುವವರು ಹೇಳಿದ್ದರು.

"ಅಕ್ಕಾರ, ಕಿತಾಬು ಕೊಡ್ರಿ. ಇವತ್ತೇ ಹೊಳಿಗಿ ಬಿಡ್ಬೇಕು."

"ನಿಮ್ಮ ಅವ್ವ ಉಡ್ಯಾಗ ಹಾಕ್ಯಾರ್ರಿ ಅಣ್ಣಾರ. ಮನಿ ಮಗಳ ಉಡ್ಯಾಗಿಂದು ತಿರುಗಿ ಇಸಗೊಳ್ಳೂ ಪದ್ಧತಿ ಎಲ್ಲಿ ಅದ, ಹೇಳ್ರಿ?"

ಅದು ಅವನೂ ಮೀರಲಾರದ ಮಾತು. ಆದರೆ ಹೆದರಿದ ಮನುಷ್ಯನಿಗೆ ಪದ್ಧತಿ ಎಷ್ಟು ಹೊತ್ತು ಅಡ್ಡ ಬಂದೀತು? ಎದ್ದು ಹೋಗಿ ಅಲ್ಮಾರಿಯ ಬಾಗಿಲಿಗೆ ಕೈ ಹಾಕಿದ.

"ನಿಮಗ ಅದರ ಶಕ್ತಿ ಗೊತ್ತಿಲ್ರಿ. ಸಣ್ಣವ ಇದ್ದಾಗ ನನಗ ನಾಗರಹಾವು ಹೊಡದಿತ್ತು. ನಮ್ಮಪ್ಪ ಇದೇ ಮಂತ್ರ ಹಾಕಿ ಉಳಿಸ್ಯಾನ. ಊರಿಗಿ ಊರೇ ಸಾಕ್ಷಿ ಅದ."

ನನಗೆ ಸಿಟ್ಟು ನೆತ್ತಿಗೇರಿತು. ನಾನು ಎದ್ದು ಅವನ ಕೈ ಸರಿಸಿ, ಪುಸ್ತಕ ತೆಗೆದು, ನಾನು ಯಾರಿಗೂ ಹೇಳದಿದ್ದ ಆ ಹಾಳೆ ತೆರೆದೆ. ಹೇಳಬಾರದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

"ಕುಂದರ್ರಿ. ನಿಮ್ಮಪ್ಪ ಬರದದ್ದು ಓದ್ತೇನಿ, ಕೇಳ್ರಿ" ಎಂದು ಬೆರಳಿಟ್ಟು ಒಂದೊಂದೇ ಮಾತು ಓದಿದೆ. "ದೊಡ್ಡ ಹುಡುಗಗ ನಾಗರ ಹೊಡೀತು. ಮಂತ್ರದ ಮ್ಯಾಲ ಧೈರ್ಯ ಬರಲಿಲ್ಲ. ಗಾಡಿ ಹೂಡಿ ಅಫಜಲಪುರ ದವಾಖಾನಿಗಿ ಒಯ್ದೆ. ಸೂಜಿ ಮಾಡಿದ್ರು. ಉಳಿದ. ಊರವರು ಮಂತ್ರದಿಂದ ಉಳಿದ ಅಂದ್ರು. ನಾ ಸುಮ್ನಿದ್ದೆ."

ಅವನು ತನಗೆ ಓದಲು ಬಾರದ ಆ ಅಕ್ಷರಗಳ ಮೇಲೆ ಬಗ್ಗಿ ನೋಡಿದ. "ಸುಳ್ಳು ಓದಾಕತ್ತೀರಿ" ಎಂದ.

"ನನ್ನ ಮಾತು ಬ್ಯಾಡ. ಅವ್ವಗ ಫೋನ್ ಹಚ್ರಿ, ಕೇಳ್ರಿ."

ಹಚ್ಚಲಾರ ಎಂದುಕೊಂಡಿದ್ದೆ. ಹಚ್ಚಿದ. ಮುದುಕಿಗೆ ಕಿವಿ ಮಂದ, ಅವನು ಎರಡು ಸಲ ಕೂಗಿ ಕೇಳಬೇಕಾಯಿತು. ಆಮೇಲೆ ಅವಳ ದನಿ ನನ್ನ ಮಷಿನ್ನಿನ ತನಕ ಕೇಳಿಸಿತು.

"ಆಕಿ ಖರೇನೇ ಓದ್ಯಾಳಪ್ಪ. ಗಾಡ್ಯಾಗ ನಾನೂ ಇದ್ದೆ. ನಿನ್ನ ತಲಿ ನನ್ನ ತೊಡಿ ಮ್ಯಾಲಿತ್ತು."

"ಅಪ್ಪ ದಾರ್ಯಾಗರ ಮಂತ್ರ ಹೇಳಲಿಲ್ಲೇನವ್ವ?"

"ಎಲ್ಲಿ ಮಂತ್ರ ತಮ್ಮಾ. ದಾರಿ ತುಂಬ ಎತ್ತಿಗಿ ಬೈಕೋತ, ಅಳಕೋತ ಗಾಡಿ ಹೊಡದ. ಮಂತ್ರ ಹೇಳಕೋತ ಕುಂತಿದ್ರ ಇವತ್ತ ನೀ ಫೋನ್ ಮಾಡ್ತಿರಲಿಲ್ಲ."