ಕ್ಯಾಮೆರಾ ವಿಮಾನದವನ ಹೆಂಡತಿ

ಮೊನ್ನೆ ಯಾದಗಿರಿಗೆ, ಕಟ್ಟಿಸಬೇಕೆಂದಿರುವ ಮನೆಯ ನಕ್ಷೆ ತರಲು ಹೋಗಿದ್ದೆ. ಅಂಗಡಿಯವನು ಸುರುಳಿ ಬಿಚ್ಚಿದ ಕೂಡಲೇ, ನಕ್ಷೆಯ ಪ್ರತಿ ತೆಗೆಯಲು ಬಳಸುವ ಅಮೋನಿಯಾದ ವಾಸನೆ ಮೂಗಿಗೆ ಹೊಡೆಯಿತು. ಇನ್ನೂ ಕಟ್ಟದ ಗೋಡೆ ಬಿದ್ದರೆ ಯಾವ ಕಡೆಗೆ ಬಿದ್ದೀತು ಎಂದು ದಾರಿಯುದ್ದಕ್ಕೂ ಚಿಂತಿಸುತ್ತ ಹೋದವಳು, ಅದನ್ನೆಲ್ಲ ಮರೆತು ನಿಂತುಬಿಟ್ಟೆ. ಪಕ್ಕದ ಮನೆಯ ಅಕ್ಕನ ಸೀರೆಗೆ ಇದೇ ವಾಸನೆ ಇರುತ್ತಿತ್ತು...

ಆಗ ಕಾಲುವೆಯ ಕೆಲಸ ಜೋರಾಗಿ ನಡೆದಿತ್ತು. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನನ್ನ ಗಂಡನಿಗೆ ಎರಡು ಕೋಣೆಯ ಕ್ವಾರ್ಟರ್ಸ್ ಸಿಕ್ಕಿತ್ತು. ಗೋಡೆಯಾಚೆ ಅಕ್ಕ ಒಬ್ಬಳೇ ಇದ್ದಳು. ಕಚೇರಿಯಲ್ಲಿ ಟ್ರೇಸರ್, ದಿನವಿಡೀ ತೆಳು ಹಾಳೆಯ ಮೇಲೆ ಕಾಲುವೆಯ ಗೆರೆ ಎಳೆಯುವುದು ಅವಳ ಕೆಲಸ. ಗಂಡ ವಾಯುಪಡೆಯವನು. ಬಾಂಗ್ಲಾ ಯುದ್ಧದಲ್ಲಿ ವೈರಿಗಳ ಸೇತುವೆ, ರಸ್ತೆಗಳ ಫೋಟೋ ತೆಗೆಯಲು ಹೋದ ವಿಮಾನದಲ್ಲಿದ್ದ. ಮೂವರು ಹೋಗಿದ್ದರು. ವಿಮಾನ ತಿರುಗಿ ಬರಲಿಲ್ಲ. ಅದರದೊಂದು ತುಂಡು ತಗಡೂ ಸಿಗಲಿಲ್ಲ.

“ಊರೂರಿನ ಫೋಟೋ ಮ್ಯಾಲಿಂದ ತೆಗೆದ, ನಂದೊಂದು ತೆಗೀಲಿಲ್ಲ ನೋಡು ತಂಗಿ. ಬರ್ಲಿ, ಕಿವಿ ಹಿಂಡ್ತೀನಿ,” ಎಂದು ನಗುತ್ತಿದ್ದಳು.

ಗಂಡ ಸತ್ತನೆಂದು ಒಪ್ಪಿ ತುಂಬಿ ಕಳಿಸಬೇಕಾದ ಸರ್ಕಾರಿ ಫಾರಂ ಎಷ್ಟೋ ವರ್ಷಗಳಿಂದ ಅವಳ ಟ್ರಂಕಿನ ತಳದಲ್ಲಿತ್ತು. “ನಾಪತ್ತಿ ಅಂತ ಅವ್ರ ಬರದಾರ. ಸತ್ತಾನ ಅಂತ ನಾ ಯಾಕ ಬರೀಲಿ?” ಅನ್ನುತ್ತಿದ್ದಳು. ದಿನವೂ ಹಣೆಗೆ ಕಾಸಗಲ ಕುಂಕುಮವಿಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕಚೇರಿಗೆ ಹೋಗುತ್ತಿದ್ದಳು. ಆ ಕುಂಕುಮದ ಬಗ್ಗೆ ಕ್ಯಾಂಪಿನ ಹೆಂಗಸರು ನಲ್ಲಿಯ ಹತ್ತಿರ ಆಡುತ್ತಿದ್ದ ಮಾತನ್ನು ನಾನು, ಕೊಡ ತುಂಬಿತೋ ಇಲ್ಲವೋ ಎಂದು ಬಗ್ಗಿ ನೋಡುತ್ತ, ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ.

ನನಗೆ ಏಳು ತಿಂಗಳಾದಾಗ ಕುಬುಸದ ಶಾಸ್ತ್ರ ಇಟ್ಟುಕೊಂಡೆವು. ಐವರು ಮುತ್ತೈದೆಯರು ಬಸುರಿಯ ಉಡಿ ತುಂಬಬೇಕು. ನಾಲ್ವರು ನಿಗದಿಯಾಗಿದ್ದರು. ಐದನೆಯವಳು ಸಿಗದಿದ್ದರೆ ಏನು ಗತಿ ಎಂದು ನಿದ್ದೆಗೆಟ್ಟು, ನಾನೇ ಹೋಗಿ ಅಕ್ಕನನ್ನು ಕರೆದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ನನ್ನ?” ಅಂದಳು. “ಇಷ್ಟು ವರ್ಷದಾಗ ಯಾರೂ ಕರೆದಿಲ್ಲ ತಂಗಿ.”

ಯಾರೂ ಕರೆದಿಲ್ಲ ಎಂಬ ಮಾತು ಕೇಳಿದ್ದೇ ನನ್ನ ಚಿಂತೆ ಬೇರೆ ದಾರಿ ಹಿಡಿಯಿತು. ಹಾಗಾದರೆ ಕರೆಯಬಾರದಿತ್ತೇನೋ...

ಶಾಸ್ತ್ರಕ್ಕೆ ದೋರನಹಳ್ಳಿಯಿಂದ ಅತ್ತೆ ಬಂದಿದ್ದರು. ಅಕ್ಕ ಹೊಸ ಇಳಕಲ್ ಸೀರೆಯುಟ್ಟು, ತಟ್ಟೆಯಲ್ಲಿ ಖಣ, ಕೊಬ್ಬರಿ, ಉತ್ತತ್ತಿ ಹಿಡಿದು ಒಳಗೆ ಬಂದಳು. ಅತ್ತೆ ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ನನ್ನ ಕಿವಿಯಲ್ಲಿ ಹೇಳಿದರು: “ಯವ್ವಾ, ಆಕಿ ಕುಂಕುಮ ಬದುಕಿದಾಂವಂದೋ ಸತ್ತಾಂವಂದೋ, ಆಕಿಗೇ ಖಬರಿಲ್ಲ. ಹೊಟ್ಯಾಗಿನ ಕೂಸು ನಿಂದು. ನೋಡ್ಕೋ.”

ಶಕುನ, ಅಪಶಕುನಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಆದರೆ ಹೆದರಲು ನಂಬಿಕೆ ಇರಲೇಬೇಕೆಂದೇನಿಲ್ಲ. ಅಕ್ಕ ನನ್ನ ಮುಂದೆ ಕೂತಳು. ಸೆರಗು ಒಡ್ಡಿದೆ. ಅವಳ ಕೈ ಉಡಿಯ ಹತ್ತಿರ ಬಂದಾಗ ಗಕ್ಕನೆ ಸೆರಗು ಎಳೆದುಕೊಂಡುಬಿಟ್ಟೆ. ಕೊಬ್ಬರಿ ಬಟ್ಟಲು ನೆಲಕ್ಕೆ ಬಿದ್ದು ಉರುಳಿತು. ಉತ್ತತ್ತಿ ಚೆಲ್ಲಾಡಿದವು. ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಬಸುರಿ ಬಗ್ಗಬಾರದು ಎಂಬ ನೆಪವಿತ್ತು. ಅವಳೇ ಒಂದೊಂದನ್ನೂ ಆರಿಸಿ ತಟ್ಟೆಗೆ ಹಾಕಿಕೊಂಡಳು.

“ಉಂಡು ಹೋಗವ್ವ,” ಅಂದರು ಅತ್ತೆ.

ಮರುದಿನ ಅಕ್ಕ ಆ ಫಾರಂ ಹಿಡಿದು ಬಂದಳು. ತನ್ನ ಸಹಿ ಹಾಕಿಯಾಗಿತ್ತು. ಅವನು ಬದುಕಿರುವ ಸುದ್ದಿಯಿಲ್ಲ, ಸತ್ತಿದ್ದಾನೆಂದೇ ನಂಬುತ್ತೇನೆ ಎಂದು ನೆರೆಯವರೊಬ್ಬರು ಸಾಕ್ಷಿ ಹಾಕಬೇಕಿತ್ತು.

“ನಾ ಅವ್ರನ್ನ ನೋಡೇ ಇಲ್ಲಲ್ರಿ ಅಕ್ಕಾ,” ಅಂದೆ.

“ನೋಡ್ಬೇಕಂತೇನಿಲ್ಲ. ಸತ್ತಾನ ಅಂತ ನಿನಗ ಖಾತ್ರಿ ಐತಿ. ನಿನ್ನಿ ತೋರ್ಸಿದಿ. ಹಾಕು.”

“ಇದ್ರಿಂದ ನಮ್ಮನಿಯವ್ರ ನೌಕರಿಗೆ ಏನೂ ತೊಂದ್ರಿ ಇಲ್ಲಲ್ರಿ?” ಎಂದು ಕೇಳಿದೆ. ಹೌದು, ಅದನ್ನೇ ಕೇಳಿದೆ. ಅವಳು ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು.

ಕೆಲವು ದಿನಗಳ ಮೇಲೆ ಅಕ್ಕ ಬೋಳು ಹಣೆಯಲ್ಲಿ ನಲ್ಲಿಗೆ ಬಂದಾಗ ಅದೇ ಹೆಂಗಸರು, “ಅಯ್ಯ, ಸುದ್ದಿ ಬಂತೇನ್ರಿ?” ಎಂದು ಕಣ್ಣೊರೆಸಿಕೊಂಡರು. ಸುದ್ದಿ ಎಲ್ಲಿಂದಲೂ ಬಂದಿರಲಿಲ್ಲ. ನನ್ನ ಮನೆಯಿಂದ ಹೋಗಿತ್ತು.

ಕೂಸು ಗಟ್ಟಿಮುಟ್ಟಾಗಿಯೇ ಹುಟ್ಟಿತು. ನನ್ನ ಚಿಂತೆಗಳಲ್ಲಿ ಒಂದೂ ಮಗಳನ್ನು ಮುಟ್ಟಲಿಲ್ಲ. ಅಕ್ಕ ಸುರಪುರಕ್ಕೆ ವರ್ಗವಾಗಿ ಹೋದಳು, ಹೇಳಿ ಹೋಗಲಿಲ್ಲ. ಹೋದ ವರ್ಷ ಅಲ್ಲೇ ತೀರಿಕೊಂಡಳೆಂದು ಮಣ್ಣಿಗೆ ಹೋಗಿ ಬಂದವರೊಬ್ಬರು ಹೇಳಿದರು. ಆ ವಿಮಾನ, ಆ ಮೂವರು ಎಲ್ಲಿ ಬಿದ್ದರೋ ಇವತ್ತಿಗೂ ಗೊತ್ತಿಲ್ಲ. ಅವರಲ್ಲಿ ಒಬ್ಬನ ದಾರಿ ಕಾಯುವವಳು ಇದ್ದಳು. ಕಾಯುವುದನ್ನು ಬಿಡಿಸಿದವಳು ನಾನು. ತಿಳಿಯದೆ ಸಹಿ ಹಾಕಿದೆ ಎನ್ನೋಣವೆಂದರೆ ಅದೂ ಆಗದು. ಅಂಜುಬುರುಕಿ ನಾನು... ಹಾಕುವ ಮೊದಲು ಆ ಕಾಗದವನ್ನು ಮೂರು ಸಲ ಓದಿದ್ದೆ.