ತಮ್ಮನ ಆಟದ ಲೆಕ್ಕ

ತಮ್ಮನ ತಿಥಿ ಮುಗಿದ ಮೂರನೆಯ ದಿನ ನಾನು ಜಯನಗರದ ಒಂದು ಮನೆಗೆ ಹೋದೆ. ಕೈಚೀಲದಲ್ಲಿ ಇನ್ನೂರು ಪುಟದ ಮೂರು ನೋಟ್‌ಬುಕ್ಕುಗಳಿದ್ದವು. ಅದು ಅವನ ಫುಟ್‌ಬಾಲ್ ಕೋಚ್ ಇದ್ದ ಮನೆ. ನನ್ನ ತಮ್ಮನನ್ನು ಕೊಂದವರು ಅವರೇ ಎಂದು ನಾನು ನಂಬಿದ್ದೆ. ನೋಟ್‌ಬುಕ್ಕುಗಳನ್ನು ಅವರ ಮುಂದಿಟ್ಟು ಅವರ ಬಾಯಿಂದಲೇ ತಪ್ಪು ಒಪ್ಪಿಸಬೇಕು, ಒಪ್ಪುವಾಗ ಅವರ ಮುಖ ನೋಡಬೇಕು, ಇಷ್ಟೇ ನನಗೆ ಬೇಕಿದ್ದುದು. ಆ ಹದಿನಾಲ್ಕು ದಿನ ನನ್ನನ್ನು ಎಬ್ಬಿಸಿ ಓಡಾಡಿಸಿದ್ದು ಅದೊಂದೇ ಆಸೆ.

ಗೊಟ್ಟಿಗೆರೆಯಿಂದಾಚೆ ಒಂದು ಕಲ್ಲು ಕ್ರಷರಿನಲ್ಲಿ ತಮ್ಮ ಲೋಡು ಬರೆಯುವ ಕೆಲಸಕ್ಕಿದ್ದ. ದಿನವೂ ಸಿದ್ದಾಪುರದಿಂದ ಸೈಕಲ್ ಹತ್ತಿ, ಬನ್ನೇರುಘಟ್ಟ ರಸ್ತೆ ಹಿಡಿದು ಹೋಗಿ ಬರುತ್ತಿದ್ದ. ಒಂದು ಸಂಜೆ ಹಿಂದಿನಿಂದ ಬಂದ ಜಲ್ಲಿ ಲಾರಿ ಅವನಿಗೆ ಹೊಡೆಯಿತು. ಇಪ್ಪತ್ನಾಲ್ಕು ವರ್ಷ. ಲಾರಿಯವನ ಮೇಲೆ ನನಗೆ ಯಾಕೋ ಅಷ್ಟು ಸಿಟ್ಟು ಬರಲಿಲ್ಲ. ಅವನಿಗೆ ನನ್ನ ತಮ್ಮ ಯಾರೆಂದು ಗೊತ್ತಿರಲಿಲ್ಲ. ಕೋಚ್‌ಗೆ ಗೊತ್ತಿತ್ತು. ಕಾರ್ಖಾನೆಯ ಕೆಲಸ ಕಾಯಂ ಆಗಿದ್ದರೆ ತಮ್ಮ ಆ ರಸ್ತೆಯಲ್ಲಿ ಇರುತ್ತಲೇ ಇರಲಿಲ್ಲ. ಕಾಯಂ ಆಗದಂತೆ ಮಾಡಿದವರು ಕೋಚ್.

ಆಗ ನಮ್ಮೂರಿನ ದೊಡ್ಡ ಕಾರ್ಖಾನೆಗಳು ಫುಟ್‌ಬಾಲ್ ಟೀಮ್ ಸಾಕುತ್ತಿದ್ದವು. ಚೆನ್ನಾಗಿ ಆಡುವ ಹುಡುಗರನ್ನು ಎರಡು ವರ್ಷ ಸ್ಟೈಪೆಂಡ್ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅಷ್ಟರೊಳಗೆ ಮೊದಲ ಹನ್ನೊಂದು ಜನರಲ್ಲಿ ನಿಂತರೆ ಕೆಲಸ ಕಾಯಂ, ಇಲ್ಲವಾದರೆ ಮನೆ. ತಮ್ಮನನ್ನು ತೆಗೆದುಕೊಂಡಿದ್ದು ಲಿಂಕ್‌ಮ್ಯಾನ್ ಜಾಗಕ್ಕೆ. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಹಂಚುವವನು ಲಿಂಕ್‌ಮ್ಯಾನ್. ಚೆಂಡು ಯಾರಿಗೆ, ಯಾವಾಗ, ಎಲ್ಲಿಗೆ ಎಂದು ಅವನೇ ತೀರ್ಮಾನಿಸಬೇಕು. ಇಡೀ ಟೀಮಿನ ಆಟ ಅವನೊಬ್ಬನ ತಲೆಯ ಮೇಲೆ.

ಆ ಕೋಚ್‌ಗೆ ಒಂದು ಪದ್ಧತಿಯಿತ್ತು. ಪಂದ್ಯದ ದಿನ ಮೊದಲ ಹನ್ನೊಂದು ಜನರಿಗೆ ಮಡಿಚಿದ ಜರ್ಸಿಯನ್ನು ತಾವೇ ಕೈಯಾರೆ ಕೊಡುತ್ತಿದ್ದರು. ಉಳಿದವರು ಮೂಟೆಯೊಳಗೆ ಕೈಹಾಕಿ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಕು. ನನ್ನ ತಮ್ಮ ಎರಡು ವರ್ಷವೂ ಮೂಟೆಯಿಂದಲೇ ಎತ್ತಿಕೊಂಡ.

ಸೇರಿದ ಮೂರನೆಯ ತಿಂಗಳಲ್ಲಿ ಒಂದು ದಿನ ಅವನು ಮುಖ ಸಣ್ಣ ಮಾಡಿಕೊಂಡು ಬಂದ. ಎಲ್ಲರ ಎದುರಿಗೆ ಕೋಚ್, "ಇವನ ಕಾಲು ಚೆನ್ನಾಗಿದೆ, ಆದ್ರೆ ಲಿಂಕ್‌ಮ್ಯಾನ್ ಆಗೋಕೆ ಇನ್ನೂ ಟೈಮ್ ಬೇಕು" ಅಂದಿದ್ದರಂತೆ.

"ಏನು ಕಮ್ಮಿ ಅಂತೆ?" ಎಂದು ಕೇಳಿದೆ.

"ಹೇಳ್ಲಿಲ್ಲ ಅಣ್ಣ."

ನನಗೆ ಮೈಯೆಲ್ಲ ಉರಿಯಿತು. ನಾನು ಎಸ್ಸೆಸ್ಸೆಲ್ಸಿ ಓದಿದವನು. ಜೆ.ಪಿ. ನಗರದ ಕಡೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತಯಾರಾದ ಪಿನ್ನುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಅಳತೆ ನೋಡುವ ಗೇಜಿನ ತೂತಿನಲ್ಲಿ ಪಿನ್ನು ಸರಿಯಾಗಿ ಹೋದರೆ ಎಡಗಡೆಯ ಡಬ್ಬ, ಹೋಗದಿದ್ದರೆ ಬಲಗಡೆಯ ಡಬ್ಬ. ಕಾರಣ ಹೇಳದೆ ಒಂದು ಪಿನ್ನನ್ನೂ ನಾನು ಬಲಗಡೆ ಹಾಕಿದವನಲ್ಲ. ಅಪ್ಪ ಸತ್ತಾಗ ಇವನಿಗೆ ಏಳು, ನನಗೆ ಹದಿನಾರು. ಅಂದಿನಿಂದ ಇವನನ್ನು ಬೆಳೆಸಿದವನು ನಾನು. ಇವನನ್ನು ಯಾರೋ ಒಬ್ಬರು ಕಾರಣ ಹೇಳದೆ ಪಕ್ಕಕ್ಕೆ ಹಾಕುವುದೆಂದರೇನು?

ಮುಂದಿನ ಭಾನುವಾರದಿಂದ ನಾನೂ ಗ್ರೌಂಡಿಗೆ ಹೋಗತೊಡಗಿದೆ. ಬನಶಂಕರಿಯ ಕಡೆ ಆಗ ಮನೆಗಳು ಅಷ್ಟಿರಲಿಲ್ಲ, ಗ್ರೌಂಡ್ ಪೂರ್ತಿ ಕೆಂಪು ಮಣ್ಣು. ಪ್ರತಿ ಭಾನುವಾರ ಬೆಳಿಗ್ಗೆ ಎ ಟೀಮಿಗೂ ಬಿ ಟೀಮಿಗೂ ಪ್ರಾಕ್ಟೀಸ್ ಮ್ಯಾಚು ನಡೆಯುತ್ತಿತ್ತು. ಕೋಚ್ ಹೊಂಗೆ ಮರದ ಕೆಳಗೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಗೋಲ್‌ಪೋಸ್ಟಿನ ಹಿಂದೆ ಒಂದು ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೆ. ತಮ್ಮ ಕೊಟ್ಟ ಪಾಸು ನಮ್ಮವನಿಗೆ ತಲುಪಿದರೆ ಸರಿ ಗುರುತು. ತಲುಪದಿದ್ದರೆ ತಪ್ಪು ಗುರುತು.

ಮೊದಲ ಭಾನುವಾರ ನಲವತ್ತೊಂದು ಪಾಸಿನಲ್ಲಿ ಹದಿಮೂರು ತಪ್ಪು. ಮಧ್ಯಾಹ್ನ ಊಟಕ್ಕೆ ಕೂತಾಗ ನೋಟ್‌ಬುಕ್ ತೆಗೆದೆ.

"ಇದ್ಯಾಕೋ ಅಷ್ಟು ದೂರ ಕೊಟ್ಟೆ? ಪಕ್ಕದಲ್ಲೇ ನಿಮ್ಮೋನು ನಿಂತಿರ್ಲಿಲ್ವಾ?"

"ಅಲ್ಲಿ ಜಾಗ ಇತ್ತಣ್ಣ. ವಿಂಗ್‌ನೋನು ಓಡಿದ್ರೆ ಗೋಲೇ."

"ಓಡ್ಲಿಲ್ವಲ್ಲ? ರಿಜೆಕ್ಟು."

ಅವನು ಜೋರಾಗಿ ನಕ್ಕ. "ನಾನೇನು ನಿನ್ನ ಪಿನ್ನಾ?"

"ಪಿನ್ನಾದ್ರೆ ಮಾತಾಡಲ್ಲ, ನೀನು ಮಾತು ಬೇರೆ ಆಡ್ತೀಯ" ಎಂದಳು ಅವ್ವ, ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತ.

ಪ್ರತಿ ಭಾನುವಾರ ಹೀಗೇ ನಡೆಯಿತು. ಹದಿಮೂರು ತಪ್ಪು ಒಂಬತ್ತಾಯಿತು, ಐದಾಯಿತು, ಎರಡಾಯಿತು. ಒಂದೂ ತಪ್ಪಿಲ್ಲದ ಮೊದಲ ಭಾನುವಾರ ನಾನು ಅವನನ್ನು ಜಯನಗರಕ್ಕೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದೆ. ಈಗ ಹೇಗೆ ಬೇಡ ಅನ್ನುತ್ತಾರೋ ನೋಡೋಣ ಎಂದುಕೊಂಡೆ. ಮುಂದಿನ ಪಂದ್ಯದಲ್ಲೂ ಕೋಚ್ ಕೈಯಿಂದ ಜರ್ಸಿ ಹೋಗಿದ್ದು ಇನ್ನೊಬ್ಬ ಹುಡುಗನಿಗೆ. ಆ ಹುಡುಗನ ಲೆಕ್ಕವನ್ನೂ ಬರೆದೆ. ಮೂರು ಪಾಸಿಗೆ ಒಂದು ತಪ್ಪು! ಇವನು ಅವರ ನೆಂಟನಿರಬೇಕು, ಇಲ್ಲವೇ ಅವರ ಊರಿನವನಿರಬೇಕು ಎಂದು ವಿಚಾರಿಸಿದೆ. ಎರಡೂ ಅಲ್ಲ. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಒಂದು ಭಾನುವಾರ ಯಾರೂ ನೋಡದಾಗ ಅವರ ಸ್ಕೂಟರಿನ ಎರಡೂ ಚಕ್ರದ ಗಾಳಿ ಬಿಟ್ಟೆ. ಅವರು ಮ್ಯಾಚು ಮುಗಿಸಿ ಬಂದು, ಬಗ್ಗಿ ನೋಡಿ, ತಳ್ಳಿಕೊಂಡು ಹೊರಟರು. ಮರದ ಮರೆಯಲ್ಲಿ ನಿಂತು ನಾನು ಖುಷಿಪಡುತ್ತಿದ್ದೆ. ಅಷ್ಟರಲ್ಲಿ ನನ್ನ ತಮ್ಮ ಓಡಿಹೋಗಿ ಹಿಂದಿನಿಂದ ಸ್ಕೂಟರ್ ತಳ್ಳತೊಡಗಿದ. ಪಂಕ್ಚರ್ ಅಂಗಡಿ ಒಂದು ಮೈಲಿ ದೂರವಿತ್ತು. ಮನೆಗೆ ಬಂದು, "ಯಾವನೋ ಕಳ್ಳ ನನ್ಮಗ ಸಾರ್ ಗಾಡಿ ಗಾಳಿ ಬಿಟ್ಟಿದ್ದ ಅಣ್ಣ" ಎಂದ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ.

ಎರಡು ವರ್ಷ ಮುಗಿಯಿತು. ಒಂದು ಕಾಗದ ಕೊಟ್ಟು ಮನೆಗೆ ಕಳಿಸಿದರು. ಆರೇಳು ತಿಂಗಳು ಅಲೆದು ತಮ್ಮ ಕ್ರಷರಿಗೆ ಸೇರಿದ. ನೋಟ್‌ಬುಕ್ಕುಗಳನ್ನು ನಾನು ಟ್ರಂಕಿನಲ್ಲಿ ಇಟ್ಟೆ. ಎಂದಾದರೂ ಒಂದು ದಿನ ಅವು ಬೇಕಾಗುತ್ತವೆ ಎಂದು ನನಗೆ ಗೊತ್ತಿತ್ತು. ಇಂಥ ದಿನಕ್ಕೆ ಎಂದು ಗೊತ್ತಿರಲಿಲ್ಲ.

ನಾನು ಹೋದಾಗ ಕೋಚ್ ಬನಿಯನ್ ಪಂಚೆಯಲ್ಲಿ ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದರು. ರಿಟೈರಾಗಿದ್ದರು. ನನ್ನನ್ನು ಒಂದು ಕ್ಷಣ ನೋಡಿ, "ನೀವು ಗೋಲ್‌ಪೋಸ್ಟ್ ಹಿಂದೆ ಕೂತ್ಕೊಂಡು ಬರೀತಿದ್ದೋರಲ್ವಾ? ಆ ಹುಡುಗನ ಅಣ್ಣ? ಬನ್ನಿ ಬನ್ನಿ. ಹೇಗಿದಾನೆ?" ಎಂದರು.

"ಹೋಗ್ಬಿಟ್ಟ" ಎಂದೆ. ಲಾರಿಯ ವಿಷಯ ಹೇಳಿದೆ. ಕ್ರಷರಿನ ವಿಷಯವನ್ನು ಬಿಡಿಸಿ ಬಿಡಿಸಿ ಹೇಳಿದೆ, ಅದು ಅವರಿಗೆ ಚುಚ್ಚಲಿ ಎಂದೇ. ಅವರು ಪೇಪರನ್ನು ಮಡಿಚಿ ಪಕ್ಕಕ್ಕಿಟ್ಟು ತಲೆ ತಗ್ಗಿಸಿದರು. ನಿಜ ಹೇಳಬೇಕೆಂದರೆ ನನಗೆ ಹಿತವೆನಿಸಿತು. ಅವರ ಹೆಂಡತಿ ಕಾಫಿ ತಂದಿಟ್ಟರು. ನಾನು ಮುಟ್ಟಲಿಲ್ಲ. ನೋಟ್‌ಬುಕ್ಕುಗಳನ್ನು ತೆಗೆದು ಟೀಪಾಯಿಯ ಮೇಲೆ ಇಟ್ಟೆ.

"ಎರಡು ವರ್ಷದ್ದು. ಅವನು ಕೊಟ್ಟ ಒಂದೊಂದು ಪಾಸೂ ಇದೆ. ಎಲ್ಲಿ ತಪ್ಪಿದೆ ತೋರ್ಸಿ ಸಾರ್."

ಅವರು ಕನ್ನಡಕ ಹಾಕಿಕೊಂಡರು. ಸುಮ್ಮನೆ ತಿರುವಿ ಹಾಕಿ ಮುಚ್ಚಿಬಿಡುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಒಂದೊಂದು ಪುಟವನ್ನೂ ಬೆರಳಿಟ್ಟು ಓದಿದರು. ಕಾಫಿ ಕೆನೆಗಟ್ಟಿತು.

"ಬಹಳ ನೀಟಾಗಿ ಬರ್ದಿದೀರಿ" ಎಂದರು ಕೊನೆಗೆ.

"ತಪ್ಪೆಲ್ಲಿದೆ ಹೇಳಿ."

"ತಪ್ಪೇ ಇಲ್ಲ. ಅದೇ ನೋಡಿ." ಅವರು ಎರಡನೆಯ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದರು. "ಇಷ್ಟುದ್ದ ಒಂದೂ ತಪ್ಪಿಲ್ದೆ ಲಿಂಕ್‌ಮ್ಯಾನ್ ಆಡ್ತಿದಾನೆ ಅಂದ್ರೆ ಅವನು ಪಕ್ಕದಲ್ಲಿರೋನಿಗೇ ಕೊಡ್ತಿದಾನೆ ಅಂತ ಅರ್ಥ. ಪಕ್ಕದೋನಿಗೆ ನಾನೂ ಕೊಡ್ತೀನಿ, ಈ ವಯಸ್ಸಲ್ಲಿ. ನಮ್ಮೋನು ಇನ್ನೂ ಹೋಗಿರದ ಜಾಗಕ್ಕೆ ಕೊಡ್ಬೇಕು ಕಣ್ರಿ. ಹತ್ತರಲ್ಲಿ ನಾಲ್ಕು ಹಾಳಾಗುತ್ತೆ. ಆಗ್ಲಿ. ಉಳಿದದ್ರಲ್ಲಿ ಒಂದು ಗೋಲು."

"ಜರ್ಸಿ ಕೊಟ್ರಲ್ಲ, ಅವನಿಗೆ ಮೂರಕ್ಕೊಂದು ತಪ್ಪು."

"ಹೌದು, ಬರ್ದಿದೀರಿ. ಅವನ ಪಾಸಲ್ಲಿ ಎಷ್ಟು ಗೋಲು ಬಂತು? ಗೋಲು ಬರ್ದೇ ಇಲ್ವಲ್ಲ ನೀವು?"

ನಾನು ನೋಡಿದೆ. ಮೂರು ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಗೋಲು ಬರೆದಿರಲಿಲ್ಲ.

"ಇದನ್ನ ಅವನಿಗೆ ಹೇಳೋಕೆ ನಿಮಗೇನಾಗಿತ್ತು?" ನನ್ನ ದನಿ ಏರಿತು. ಒಳಗಿನಿಂದ ಅವರ ಹೆಂಡತಿ ಬಾಗಿಲಿಗೆ ಬಂದು ನಿಂತರು.

"ಹೇಳ್ದೆ. ಟೈಮ್ ಬೇಕು ಅಂದಿದ್ದು ನಿಜ, ಆರು ತಿಂಗಳಲ್ಲಿ ಆಗ್ತಾನೆ ಅಂತಾನೇ ಇತ್ತು ನನ್ನ ಮನಸ್ಸಲ್ಲಿ. ಬರ್ತಾ ಬರ್ತಾ ಹುಡುಗನ ಆಟ ಸಣ್ಣದಾಗ್ತಾ ಹೋಯ್ತು. ಪಾಸ್ ಕೊಡೋಕೆ ಮುಂಚೆ ಗೋಲ್‌ಪೋಸ್ಟ್ ಕಡೆ ನೋಡೋನು. ಫಾರ್ವರ್ಡ್‌ನ ಹುಡುಕ್ತಿದಾನೆ ಅಂದ್ಕೊಂಡಿದ್ದೆ." ಅವರು ಕನ್ನಡಕ ತೆಗೆದರು. "ನಿಮ್ಮನ್ನ ನೋಡ್ತಿದ್ದ."

ನಾನು ಕೈಚಾಚಿ ಆ ನೋಟ್‌ಬುಕ್ಕನ್ನು ಮುಚ್ಚಿದೆ.

"ಕರೆದು ಹೇಳ್ದೆ, 'ನಿಮ್ಮಣ್ಣನ್ನ ಸ್ವಲ್ಪ ದಿನ ಬರ್ಬೇಡ ಅನ್ನಪ್ಪಾ' ಅಂತ. 'ಆಗಲ್ಲ ಸಾರ್, ನಮ್ಮಣ್ಣಂಗೆ ವಾರಕ್ಕೆ ಅದೊಂದೇ ಖುಷಿ' ಅಂದ."

ಸುಳ್ಳು ಎನ್ನಬೇಕೆಂದಿದ್ದೆ. ಆದರೆ ಅದು ಅವನದೇ ಮಾತು. ಬೇರೆ ಯಾರೂ ಕಟ್ಟಿ ಹೇಳಲು ಬರುವಂಥದ್ದಲ್ಲ.

ಅವರು ಮತ್ತೆ ಪುಟ ತಿರುವಿ ಒಂದು ಕಡೆ ನಿಂತರು. ಮೇಲೆ ತಾರೀಖು ಮಾತ್ರ ಇದ್ದ ಖಾಲಿ ಪುಟ. "ಇದೇನು?"

"ಆವತ್ತು ಓವರ್‌ಟೈಮ್ ಇತ್ತು. ಬಂದಿರ್ಲಿಲ್ಲ."

"ಇದೇ ಇರ್ಬೇಕು. ಒಂದು ಭಾನುವಾರ ಸಖತ್ತಾಗಿ ಆಡ್ಬಿಟ್ಟ ರೀ. ಹತ್ತು ಹನ್ನೆರಡು ಸಲ ಚೆಂಡು ಕಳ್ಕೊಂಡ, ಬೈದೆ. ಆಮೇಲೆ ಎರಡು ಪಾಸ್ ಕೊಟ್ಟ ನೋಡಿ, ಎ ಟೀಮ್‌ನೋರು ಆಟ ಬಿಟ್ಟು ತಿರುಗಿ ನೋಡಿದ್ರು. ಮುಂದಿನ ಮ್ಯಾಚ್‌ಗೆ ಇವನಿಗೆ ಜರ್ಸಿ ಕೊಡೋದೇ ಅಂತ ಮನೇಲೂ ಹೇಳಿದ್ದೆ." ಬಾಗಿಲಲ್ಲಿದ್ದ ಹೆಂಡತಿ ತಲೆಯಾಡಿಸಿದರು. "ಮುಂದಿನ ಭಾನುವಾರ ನೀವು ಬಂದ್ರಿ."

ಆ ದಿನ ನನಗೆ ನೆನಪಿತ್ತು. ಅವನು ಮಂಡಿ ತರಚಿಕೊಂಡು, ಮೈತುಂಬ ಕೆಂಪು ಮಣ್ಣು ಮಾಡಿಕೊಂಡು ಬಾಗಿಲಲ್ಲೇ ಕೂಗಿದ್ದ: "ಅಣ್ಣ, ಇವತ್ತು ನೀನು ಇರ್ಬೇಕಿತ್ತು!" ನಾನು ನೋಟ್‌ಬುಕ್ ತೆಗೆದು, ತಾರೀಖು ಬರೆದು, "ತಪ್ಪೆಷ್ಟು?" ಎಂದು ಕೇಳಿದ್ದೆ. ಅವನು "ಲೆಕ್ಕ ಇಟ್ಟಿಲ್ಲ" ಎಂದು ಹೇಳಿ ಕಾಲು ತೊಳೆಯಲು ಹೋದ.

ಕೋಚ್ ನೋಟ್‌ಬುಕ್ಕುಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. ಎರಡೂ ಕೈಯಿಂದ ಕೊಟ್ಟರು. "ನಾನೇ ಬಂದು ನಿಮಗೆ ಹೇಳ್ಬೇಕಿತ್ತು. ಗ್ರೌಂಡಲ್ಲೇ ಕೂತಿರ್ತಿದ್ರಿ, ಐವತ್ತು ಹೆಜ್ಜೆ. ಹೇಳ್ಲಿಲ್ಲ. ಮನೆಯವರ ವಿಷಯ, ನನಗ್ಯಾಕೆ ಅಂದ್ಕೊಂಡೆ. ಅದು ನನ್ನ ತಪ್ಪೇ."

ನಾನು ಕೇಳಲು ಹೋಗಿದ್ದ ಮಾತು ಅದೇ. ಸಿಕ್ಕಿತು. ಅವರ ಮುಖವನ್ನು ನೋಡಲಿಲ್ಲ. ನಮಸ್ಕಾರವನ್ನೂ ಹೇಳದೆ ಎದ್ದು ಬಂದೆ.

ಸಿದ್ದಾಪುರದವರೆಗೆ ನಡೆದೇ ಬಂದೆ. ಬರುವಾಗ ಆ ಮನುಷ್ಯನ ಮೇಲೆ ನನಗಿದ್ದ ದ್ವೇಷ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನನ್ನ ತಮ್ಮ ಎಷ್ಟು ಒಳ್ಳೆಯ ಆಟಗಾರ ಎಂದು ಆತ ನನಗಿಂತ ಚೆನ್ನಾಗಿ ನೋಡಿದ್ದ. ಅದನ್ನು ನಾನು ಹೇಗೆ ಸಹಿಸಲಿ? ಐವತ್ತು ಹೆಜ್ಜೆ ನಡೆಯಲಾಗಲಿಲ್ಲವೇ ಅವನಿಗೆ? ಅವರ ಗೇಟಿನಿಂದ ನಮ್ಮ ವಠಾರದವರೆಗೆ ಅದನ್ನೇ ಬಾಯಲ್ಲಿ ಹೇಳಿಕೊಂಡು ಬಂದೆ. ಬೇರೆ ಏನನ್ನಾದರೂ ಯೋಚಿಸಿದರೆ ರಸ್ತೆಯಲ್ಲೇ ಕೂತುಬಿಡುತ್ತೇನೆ ಎಂಬ ಹೆದರಿಕೆ.

ಅವ್ವ ವಠಾರದ ಬಾಗಿಲಲ್ಲೇ ಕೂತಿದ್ದಳು. ನಾನು ಎಲ್ಲಿಗೆ ಹೋಗಿದ್ದೆನೆಂದು ಅವಳಿಗೆ ಗೊತ್ತಿತ್ತು.

"ಒಪ್ಕೊಂಡ್ನಾ?"

"ಒಪ್ಕೊಂಡ್ರವ್ವ."

"ಏನಂದ?"

"ಹೇಳ್ಬೇಕಿತ್ತು, ಹೇಳ್ಲಿಲ್ಲ, ನನ್ನ ತಪ್ಪೇ ಅಂದ್ರು."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಉಳಿದದ್ದನ್ನು ನಾನು ಹೇಳಲಿಲ್ಲ. ಅವ್ವ ಎದ್ದು ಹೊರಗೆ ಬಂದಳು. ಮೋರಿಯ ಪಕ್ಕದ ಒಣಗಿದ ಮಣ್ಣನ್ನು ಹಿಡಿತುಂಬ ಬಾಚಿಕೊಂಡಳು. ಜಯನಗರದ ದಿಕ್ಕಿಗೆ ತಿರುಗಿ, "ನನ್ನ ಮಗನ್ನ ತಿಂದೋರ ಹೊಟ್ಟೆ ಹಿಂಗೇ ಮಣ್ಣಾಗ್ಲಿ" ಎಂದು ತೂರಿದಳು. ಪಕ್ಕದ ಮನೆಯವರು ಬಂದು ಹಿಡಿದುಕೊಂಡರು. ನಾನು ಹಿಡಿಯಲಿಲ್ಲ. ನನಗೆ ಬೇಕಾಗಿದ್ದೂ ಅದೇ ಆಗಿತ್ತು. ಆ ಶಾಪ ಒಬ್ಬರ ಮೇಲೆ ಬೀಳಲೇಬೇಕಿತ್ತು, ಅವರ ಮೇಲೆಯೇ ಬೀಳಲಿ ಎಂದುಕೊಂಡೆ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ, ಅವನು ಗ್ರೌಂಡಿಗೆ ಹೊರಡುತ್ತಿದ್ದ ಹೊತ್ತಿಗೆ, ಅವ್ವ ಹಾಗೆ ಒಂದು ಹಿಡಿ ಮಣ್ಣು ತೂರುತ್ತಿದ್ದಳು. ಅವಳು ಸಾಯುವವರೆಗೂ, ಐದು ವರ್ಷ. ಕೋಚ್ ಗಟ್ಟಿಮುಟ್ಟಾಗಿಯೇ ಇದ್ದರು. ಲಾಲ್‌ಬಾಗಿನಲ್ಲಿ ಎರಡು ಸಲ ಎದುರಾದಾಗ ನಾನು ಮುಖ ತಿರುಗಿಸಿಕೊಂಡು ಹೋದೆ. ಅವ್ವನ ಕೈಯಲ್ಲಿ ಬಲವಿರಲಿಲ್ಲ. ಅವಳು ತೂರಿದ ಮಣ್ಣು ದೂರ ಹೋಗದೆ ನಮ್ಮ ಹೊಸ್ತಿಲಿನ ಮುಂದೆಯೇ ಬೀಳುತ್ತಿತ್ತು. ಅವಳು ಒಳಗೆ ಹೋದ ಮೇಲೆ ನಾನು ಪೊರಕೆ ತಂದು ಗುಡಿಸುತ್ತಿದ್ದೆ.