ಪಿಕೋ ಅಕ್ಕ ಮೆಟ್ಟಿಲು ಹತ್ತಲಿಲ್ಲ

ಅವರ ಅಂಗೈ ನಮ್ಮ ಹಿಮ್ಮಡಿಯ ಹಾಗಿತ್ತು. ದಪ್ಪ ಚರ್ಮ, ಅಲ್ಲಲ್ಲಿ ಬಿರುಕು. ಹುಟ್ಟೂರು ಪಾಲಬಾವಿಯಲ್ಲಿ ಚಿಕ್ಕಂದಿನಲ್ಲೇ ಪೋಲಿಯೋ ಬಂದ ಮೇಲೆ, ಊರುಗೋಲು ಸಿಗುವತನಕ ಅವರು ಓಡಾಡಿದ್ದು ಆ ಕೈಗಳ ಮೇಲೆಯೇ. ಅದೇ ಅಂಗೈಗೆ ಪ್ರತಿ ಹಬ್ಬಕ್ಕೂ ಪಕ್ಕದ ಬಳೆ ಅಂಗಡಿಯ ಮುಸ್ಲಿಂ ಹುಡುಗಿಯಿಂದ ಮೆಹಂದಿ ಹಾಕಿಸಿಕೊಳ್ಳುತ್ತಿದ್ದರು. ಬಿರುಕುಗಳಲ್ಲಿ ಬಣ್ಣ ಇನ್ನೂ ಕಡುವಾಗಿ ನಿಲ್ಲುತ್ತಿತ್ತು. "ನೋಡ್ರಿ ವೈನಿ, ನಿಮ್ಮ ಕೈಗಿಂತ ನಂದ ಚೊಲೋ ರಂಗ ಹಿಡದೈತಿ" ಎಂದು ನನ್ನೆದುರು ಕೈ ಚಾಚಿ ನಗುತ್ತಿದ್ದರು.

ಚಿಕ್ಕೋಡಿಯಲ್ಲಿ ಅವರದು ಸೀರೆಗೆ ಫಾಲ್ ಹಚ್ಚಿ, ಪಿಕೋ ಮಾಡಿಕೊಡುವ ಸಣ್ಣ ಅಂಗಡಿ. ಹೀಗಾಗಿ ಊರಿಗೆಲ್ಲ ಪಿಕೋ ಅಕ್ಕ. ಕಾಲಿನಿಂದ ತುಳಿಯುವುದು ಆಗದ್ದಕ್ಕೆ ಮಷಿನ್ನಿನ ಪೆಡಲನ್ನು ಮೇಜಿನ ಮೇಲಿಟ್ಟುಕೊಂಡು ಮೊಣಕೈಯಿಂದ ಒತ್ತುತ್ತಿದ್ದರು. ಮಧ್ಯಾಹ್ನ ಅಂಗಡಿಗೆ ಕೀಲಿ ಹಾಕಿ, ಹಿಂದೆ ಎರಡು ಹೆಚ್ಚಿನ ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ರಾಯಬಾಗ, ಅಥಣಿ ಎಂದು ಹೊರಟುಬಿಡುತ್ತಿದ್ದರು. ಯಾರದೋ ಬಸ್ ಪಾಸು, ಯಾರದೋ ಪಿಂಚಣಿ, ಯಾವುದೋ ಆಫೀಸಿನ ಬಾಗಿಲಿಗೆ ಗಾಲಿಕುರ್ಚಿ ಹತ್ತುವ ಇಳಿಜಾರು. ಕಬ್ಬಿನ ಟ್ರ್ಯಾಲಿಯಡಿ ಕಾಲು ಕಳೆದುಕೊಂಡ ಉಗಾರ ಖುರ್ದದ ಒಬ್ಬರಿಗೆ ಕುಳಿತು ಮಾಡುವ ಕೆಲಸ ಸಿಗುವವರೆಗೆ ಇವರು ಬಿಟ್ಟವರಲ್ಲ. ದಾರಿಯಲ್ಲಿ ಯಾರಾದರೂ ಇವರನ್ನು ಕಂಡು ಲೊಚಗುಟ್ಟಿದರೆ ಒಂದೇ ಮಾತು: "ಪಾಪ ಅನ್ನೂದು ಬಿಡ್ರಿ, ಮೊದಲ ದಾರಿ ಬಿಡ್ರಿ."

ನನ್ನ ಮಗಳಿಗೂ ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲ. ಒಂದು ದಿನ ಸೀರೆ ಕೊಡಲು ಹೋದಾಗ ಅವಳೂ ಜೊತೆಗಿದ್ದಳು. "ಏನಾಗೇತ್ರಿ ಇಕೀಗಿ?" ಎಂದು ನನ್ನನ್ನು ಕೇಳದ ಮೊದಲ ವ್ಯಕ್ತಿ ಪಿಕೋ ಅಕ್ಕ. ಮಗಳ ಒಣಗಿದ ತುಟಿ ನೋಡಿ ಅವಳನ್ನೇ ಕೇಳಿದರು: "ಸಾಲ್ಯಾಗ ನೀರ ಕುಡೀತಿಯೇನವ್ವಾ?"

ಮಗಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವಳ ಎಂಟನೆಯ ತರಗತಿ ಮಹಡಿಯ ಮೇಲಿತ್ತು. ಮುಂಜಾನೆ ಆಯಾ ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರೆ ಇಳಿಸುವುದು ಸಂಜೆಗೇ. ನಡುವೆ ಶೌಚಕ್ಕೆ ಹೋಗಬೇಕಾದರೆ ಎಲ್ಲರೆದುರು ಮತ್ತೆ ಎತ್ತಿಸಿಕೊಳ್ಳಬೇಕು. ಅದಕ್ಕೇ ನೀರನ್ನೇ ಬಿಟ್ಟಿದ್ದಳು. ಮೇಲಿಂದ ಮೇಲೆ ಜ್ವರ ಬರುತ್ತಿತ್ತು. ಇನ್ನು ಶಾಲೆಗೇ ಹೋಗುವುದಿಲ್ಲ ಎನ್ನತೊಡಗಿದ್ದಳು.

"ಹೆಡ್‌ಮಾಸ್ತರಿಗಿ ಹೇಳಿರಿಲ್ರಿ?" ಅಕ್ಕ ನನ್ನ ಕಡೆ ತಿರುಗಿದರು.

"ಹೇಳೇನ್ರಿ. ಕೆಳಗ ಖೋಲಿ ಖಾಲಿ ಇಲ್ಲ ಅಂದ್ರು."

"ಮತ್ತ ನೀವೇನಂದ್ರಿ?"

"ಥ್ಯಾಂಕ್ಯೂ ಅಂದು ಬಂದೆರಿ."

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಮಾತು. ನಾಲಿಗೆಗೆ ತಾನೇ ಬಂದುಬಿಡುತ್ತದೆ. ಅಕ್ಕ ಮಷಿನ್ ನಿಲ್ಲಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯ ನಮ್ಮವ್ವಾ! ಅವರು ಇಲ್ಲ ಅಂದ್ರು, ನೀವು ಥ್ಯಾಂಕ್ಯೂ ಅಂದ್ರಿ! ಅವರಿಗಿ ಇನ್ನೇನ ಬೇಕ್ರಿ?"

ನಮ್ಮ ಕಡೆ ಯಾರಾದರೂ ನಾಲ್ಕು ಜನಕ್ಕೆ ಬೇಕಾದವರಾದರೆ ಸತ್ಕಾರ ತಪ್ಪದು. ಶಾಲು, ತೆಂಗಿನಕಾಯಿ, ಫೋಟೋ. ಕೆಲಸದ ಮಾತು ಆಮೇಲೆ. ಆ ವರ್ಷ ಮಗಳ ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಸತ್ಕಾರ ಪಿಕೋ ಅಕ್ಕನಿಗೇ. ವೇದಿಕೆಗೆ ಚೆಂಡುಹೂವಿನ ಮಾಲೆ ಇಳಿಬಿಟ್ಟಿದ್ದರು. ಹತ್ತಲು ಮಾತ್ರ ಮೆಟ್ಟಿಲೇ ಗತಿ. ಹೆಸರು ಕೂಗಿದೊಡನೆ ನಾಲ್ವರು ಮಾಸ್ತರರು ಅಕ್ಕನನ್ನು ಕೂತ ಕುರ್ಚಿ ಸಮೇತ ಎತ್ತಲು ಬಗ್ಗಿದರು.

"ಕೈ ತಗೀರಿ" ಎಂದರು ಅಕ್ಕ. "ಎತ್ತಾಕ ನಾ ಏನ ಗಣಪತಿ ಅದೀನೇನ್ರಿ? ಹಂಗ ಒಯ್ದು ಹೊಳ್ಯಾಗ ಮುಳುಗಿಸಿ ಬಂದೀರಿ ಮತ್ತ!"

ಸಭೆಯೆಲ್ಲ ನಕ್ಕಿತು. ಹೆಡ್‌ಮಾಸ್ತರರು "ಶಾಲು ಕೆಳಗ ತರ್ತೀನ್ರಿ ಅಕ್ಕಾರ" ಎಂದು ತಾವೇ ಇಳಿದು ಬಂದರು. ಹೊದಿಸುವ ಮುಂಚೆಯೇ ಅಕ್ಕ ಅದರ ಅಂಚು ಹಿಡಿದರು.

"ಶಾಲು ಕೆಳಗ ಬಂತು, ಚೊಲೋ ಆತು. ಎಂಟನೇ ಕ್ಲಾಸೂ ಕೆಳಗ ಬರಲಿ, ಆಮ್ಯಾಲ ಹೊದಸ್ರಿ."

"ಖೋಲಿ ಇಲ್ರಿ ಅಕ್ಕಾರ."

"ಮಾಸ್ತರಗೋಳ ಖೋಲಿ ಎಲ್ಲೈತ್ರಿ?"

"ಕೆಳಗ..."

"ಅವರ ಕಾಲ ಗಟ್ಟಿ ಅದಾವಲ್ರಿ?"

ಹಿಂದಿನಿಂದ ಯಾರೋ "ಖರೇ ಮಾತ್ರೀ!" ಎಂದು ಕೂಗಿದರು. ಹೆಡ್‌ಮಾಸ್ತರರು ಹಣೆ ಒರೆಸಿಕೊಂಡರು. "ಸೋಮವಾರ ಬದಲಿ ಮಾಡ್ತೀವ್ರಿ."

"ಹಂಗಾರ ನಾನೂ ಸೋಮವಾರ ಹೊದ್ಕೋತೀನ್ರಿ."

ಅಷ್ಟು ಮಾತಿನಲ್ಲಿ ಅವರು ನನ್ನ ಮಗಳ ಹೆಸರಾಗಲಿ, ನೀರಿನ ಸಂಗತಿಯಾಗಲಿ ಎತ್ತಲಿಲ್ಲ. ಸಭೆಯಲ್ಲಿ ಒಂದು ಕತ್ತೂ ಅವಳ ಕಡೆ ಹೊರಳಲಿಲ್ಲ. ಬೇರೆಲ್ಲದಕ್ಕಿಂತ ಆ ಒಂದಕ್ಕೆ ನಾನು ಅವರನ್ನು ಹೆಚ್ಚು ನೆನೆಯುತ್ತೇನೆ.

ಸೋಮವಾರ ಅಕ್ಕ ಬಂದು, ಕೆಳಗಿಳಿದ ಬೆಂಚುಗಳನ್ನು ಕಣ್ಣಾರೆ ನೋಡಿಯೇ ಶಾಲು ತೆಗೆದುಕೊಂಡರು. ಮುಂದೆ ಅದು ಪಿಕೋ ಮಷಿನ್ನಿಗೆ ಮುಚ್ಚಿಗೆಯಾಯಿತು. ಮಗಳು ವಾಕರ್ ಹಿಡಿದು ತಾನೇ ತರಗತಿಗೆ ಹೋಗತೊಡಗಿದಳು. ಈಗ ನಿಪ್ಪಾಣಿಯಲ್ಲಿ ಕಾಲೇಜು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಕೆಲವು ವಾರಗಳ ಮೇಲೆ, ನಾನು ಬೇಳೆಗೆ ಒಗ್ಗರಣೆ ಹಾಕುತ್ತಿದ್ದಾಗ ಕಬ್ಬೂರಿನಿಂದ ಒಬ್ಬ ತಾಯಿಯ ಫೋನು.

"ಪಿಕೋ ಅಕ್ಕಾರು ದವಾಖಾನಿಗಿ ಹೋಗೂಮುಂದ ನಿಮ್ಮ ನಂಬರ ಕೊಟ್ಟಿದ್ದರ್ರಿ. ನನ್ನ ಮಗಳಿಗಿ ಕಣ್ಣ ಕಾಣಂಗಿಲ್ಲ. ಸಾಲ್ಯಾಗ ತಗೋವಲ್ರು."

ನನ್ನನ್ನು ಒಂದು ಮಾತೂ ಕೇಳದೆ ಅಕ್ಕ ನಂಬರು ಕೊಟ್ಟಿದ್ದರು. ನಾನು ಗ್ಯಾಸು ಆರಿಸಿದೆ.

"ಅಕ್ಕಾರಂಗ ಮಾತಾಡಾಕ ನನಗ ಬರೂದಿಲ್ರಿ" ಎಂದೆ. "ಆದ್ರ ನಾಳಿ ಬರ್ತೀನಿ."

ಆ ತಾಯಿ ಅಂದರು, "ಬರ್ರಿ. ಇಬ್ರಾದ್ರೂ ಆಗ್ತೀವಿ."